ಖಲಂದರಸಾಬರ ದಾಳವಿಲ್ಲದ ಆಟ

ಸವಣೂರಿನ ನಮ್ಮ ಓಣಿಯ ವಾಚನಾಲಯವನ್ನು ಹನ್ನೊಂದು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಹೆಸರು ರಾಜಶ್ರೀ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಊರವರು ಆಡಿಕೊಳ್ಳುತ್ತಾರೆ. ಉಗುಳು ಹಚ್ಚಿ ಹಾಳೆ ತಿರುವುವವರ ನಡುವೆ ದಿನವೂ ಕೂತರೆ ಅವರಿಗೂ ಬರುತ್ತಿತ್ತು. ಇರಲಿ, ಈಗ ಹೇಳಬೇಕಾದ್ದು ಖಲಂದರಸಾಬರ ಸಂಗತಿ. ನಮ್ಮ ಭಾಗದಲ್ಲಿ ಹೊಸದೊಂದು ಆಟ ಕಟ್ಟಿ ಅದನ್ನು ಮಾರುಕಟ್ಟೆಗೆ ಇಳಿಸಿದ ದನದ ದಲಾಲ ಅವರೊಬ್ಬರೇ. ಇನ್ನೊಬ್ಬರು ಇದ್ದರೆ ನನಗೆ ತಿಳಿಸಬೇಕು.

ಸಾಬರಿಗೆ ಈಗ ಅರವತ್ತೊಂದು. ನಲವತ್ತು ವರ್ಷ ಸವಣೂರು, ಹಾನಗಲ್, ಹಿರೇಕೆರೂರು ಎಂದು ದನದ ಸಂತೆ ತಿರುಗಿದವರು. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಹೆಗಲ ಮೇಲಿನ ವಸ್ತ್ರವನ್ನು ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಒತ್ತಿ ಕೇಳುತ್ತಾರೆ, ಬೆರಳು ಒತ್ತಿಯೇ ಉತ್ತರ ಕೊಡುತ್ತಾರೆ. ಸುತ್ತ ಐವತ್ತು ಜನ ನಿಂತಿದ್ದರೂ ಬೆಲೆ ಆ ಎರಡು ಕೈಗಳಿಗಷ್ಟೇ ಗೊತ್ತು. ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದವು. ಉಳಿದ ಎತ್ತುಗಳ ವಿಡಿಯೋ ಮೊಬೈಲಿನಲ್ಲಿ ಬಂದು ದಲಾಲರೂ ಕಡಿಮೆಯಾದರು. ಸಾಬರು ಬಸ್ ನಿಲ್ದಾಣದ ಹತ್ತಿರ ಹಗ್ಗ, ಮೂಗುದಾರ, ಕೊರಳಗಂಟೆಗಳ ಅಂಗಡಿ ಹಾಕಿದರು. ಗಂಟೆಗಳನ್ನು ಜನ ಈಗ ಮನೆಯ ಬಾಗಿಲಿಗೆ ಕಟ್ಟಲು ಒಯ್ಯುತ್ತಾರೆ.

ಧಾರವಾಡದಲ್ಲಿ ಓದುವ ಮಗಳು ಸುಹಾನಾ ಮೂರು ವರ್ಷದ ಹಿಂದೆ ರಂಜಾನ್ ರಜೆಗೆ ಬಂದಾಗ ಒಂದು ಇಂಗ್ಲಿಷ್ ಆಟ ತಂದಳು. ಅದರಲ್ಲಿ ಒಬ್ಬರು ಕಥೆ ಹೇಳುತ್ತಾರೆ. ಉಳಿದವರು ಆ ಕಥೆಯೊಳಗೆ ಕಳ್ಳನೋ, ವೈದ್ಯೆಯೋ, ಬೇಟೆಗಾರನೋ ಆಗಿ ‘ನಾನು ಗೋಡೆ ಹಾರುತ್ತೇನೆ’, ‘ನಾನು ಕಾವಲುಗಾರನಿಗೆ ಸುಳ್ಳು ಹೇಳುತ್ತೇನೆ’ ಎನ್ನುತ್ತಾರೆ. ಗೋಡೆ ಹಾರಿದರೋ, ಕಾಲು ಮುರಿದುಕೊಂಡರೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಮಗಳು ತನ್ನ ಚಿಕ್ಕಪ್ಪನ ಮಕ್ಕಳ ಜೊತೆ ಆಡುವಾಗ ಸಾಬರು ಮೂರು ತಾಸು ಅಲ್ಲಾಡದೆ ಕೂತು ನೋಡಿದರು.

“ಕಥಿ ಛಲೋ ಐತಿ,” ಎಂದರು ಕೊನೆಗೆ. “ದಾಳ ಖೊಟ್ಟಿ. ಅದರ ಕೂಡ ಚೌಕಾಸಿ ಮಾಡಾಕ ಬರೂದಿಲ್ಲ.”

ದಾಳ ತೆಗೆದರು, ವಸ್ತ್ರ ಹಾಕಿದರು. ಅವರ ಆಟದಲ್ಲಿ ಪ್ರತಿಯೊಬ್ಬರಿಗೂ ದಿನಕ್ಕೆ ಹತ್ತು ದಮ್ಮು, ಅಂದರೆ ಖರ್ಚು ಮಾಡಲು ಹತ್ತು ಪಾಲು ಶಕ್ತಿ. ಗೋಡೆ ಹಾರಬೇಕೇ? ಕಥೆ ಹೇಳುವವರಿಗೆ ವಸ್ತ್ರದ ಕೆಳಗೆ ಕೈ ಕೊಡಬೇಕು. ಅವರು ನಾಲ್ಕು ದಮ್ಮು ಕೇಳುತ್ತಾರೆ, ನೀವು ಎರಡು ಬೆರಳು ಒತ್ತುತ್ತೀರಿ. ಅವರು ಮೂರಕ್ಕೆ ಇಳಿಯಬಹುದು, ಇಳಿಯದೆಯೂ ಇರಬಹುದು. ಸೌದಾ ಕುದುರಿದರೆ ಗೋಡೆ ಹಾರಿದಿರಿ, ಮುರಿದರೆ ಬಿದ್ದಿರಿ. ಸತ್ತವರು ಮುಂದಿನ ವಾರ ಹೊಸ ಹೆಸರಿನಲ್ಲಿ ಬರಬೇಕು. ಮೂರು ವರ್ಷ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ವಾಚನಾಲಯದ ಹಾಲಿನಲ್ಲಿ ನಿವೃತ್ತ ಹಮಾಲ ನೀಲಪ್ಪ, ಟಂಟಂ ಆಟೋ ಓಡಿಸುವ ಹುಲಗೇಶ, ಬಂಕಾಪುರದಿಂದ ಬರುವ ಇಬ್ಬರು ಈ ಆಟ ಆಡಿದರು. ನಾಲ್ಕೇ ಜನ. ಆದರೆ ಆ ನಾಲ್ಕು ತಾಸು ಸಾಬರ ಮುಖ ನೋಡಬೇಕಿತ್ತು. ಅಂಗಡಿಯಲ್ಲಿ ಕೂತ ಮನುಷ್ಯನೇ ಅಲ್ಲ ಅವರು.

ಹಾನಗಲ್ಲಿನಲ್ಲಿ ಅಂಬರೀಶ ಎಂಬ ಹುಡುಗ ಕಂಪ್ಯೂಟರ್ ತರಬೇತಿ ಕೇಂದ್ರ ಇಟ್ಟಿದ್ದಾನೆ. ಅವನು ಅದೇ ಇಂಗ್ಲಿಷ್ ಆಟ ಆಡಿಸುತ್ತಿದ್ದ. ಅವನ ಹತ್ತಿರ ಮಿಂಚುವ ದಾಳಗಳಿದ್ದವು, ಬಣ್ಣದ ನಕಾಶೆಗಳಿದ್ದವು, ಬಂದವರಿಗೆ ಪುಕ್ಕಟೆ ಮಿರ್ಚಿ ಮಂಡಕ್ಕಿ ಇತ್ತು. ಆಗ ನಮ್ಮ ಸೀಮೆಯಲ್ಲಿ ಇಂಥ ಆಟಗಳ ಒಟ್ಟು ಮಾರುಕಟ್ಟೆ ಹದಿಮೂರು ಜನ. ಒಂಬತ್ತು ಅಂಬರೀಶನ ಬಳಿ, ನಾಲ್ಕು ಸಾಬರ ಬಳಿ. ಸಾಬರು ಇದಕ್ಕೆ ‘ಜಬರದಸ್ತ ಕಾಂಪಿಟೇಶನ್’ ಎನ್ನುತ್ತಿದ್ದರು.

ಈ ವರ್ಷ ಅಂಬರೀಶ ಸವಣೂರಿನಲ್ಲೂ ಶಾಖೆ ತೆರೆಯುವುದಾಗಿ ಹೇಳಿ, ಭಾನುವಾರ ವಾಚನಾಲಯದ ಹಾಲನ್ನೇ ಕೊಡಿ ಎಂದು ಅರ್ಜಿ ಹಾಕಿದ. ನಮ್ಮ ಕಮಿಟಿಯವರು ಯೋಚನೆ ಮಾಡಿ, ಅಂದರೆ ಚಹಾ ಕುಡಿದು, ಒಂದು ನಿಯಮ ಮಾಡಿದರು. ತಿಂಗಳ ಮಟ್ಟಿಗೆ ಇಬ್ಬರೂ ಅರ್ಧರ್ಧ ಹಾಲಿನಲ್ಲಿ ಆಡಿಸಬೇಕು. ಕೊನೆಯ ಭಾನುವಾರ ಸಂಜೆ ಐದಕ್ಕೆ ಯಾರ ಕಡೆ ಆಡುವವರ ಸಹಿ ಹತ್ತು ಇರುತ್ತದೋ ಹಾಲು ಅವರದು. ಆಡಿಸುವವರ ಸಹಿ ಲೆಕ್ಕಕ್ಕಿಲ್ಲ. ಸಹಿ ನೋಡುವ ಕೆಲಸ ನನ್ನದು.

“ಹಾಲ ಹೋದ್ರ ಆಟ ಹೋದಂಗ, ಅಕ್ಕಾರ,” ಎಂದರು ಸಾಬರು. “ಅಂಗಡ್ಯಾಗ ನಾಕು ಮಂದಿ ಕುಂದ್ರಾಕ ಜಾಗಾ ಇಲ್ಲ.”

ಅಂಬರೀಶ ಕೆಟ್ಟವನಾಗಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅವನು ಆಟ ಮುಗಿದ ಮೇಲೆ ಕಸ ಗುಡಿಸಿ ಹೋಗುತ್ತಿದ್ದ. ಹೊಟ್ಟೆ ಉರಿಯಿತು ನನಗೆ. ಮೊದಲ ವಾರ ಹುಲಗೇಶ ಮಿರ್ಚಿಯ ಕಡೆ ಸರಿದ. ಮುಂದಿನ ವಾರ ಬಂಕಾಪುರದವರಿಬ್ಬರೂ ಹೋದರು.

ಅದೇ ವಾರ ವಿದ್ಯಾಶ್ರೀಯ ಹೊಲಿಗೆ ತರಗತಿಯ ಹೆಂಗಸರು, ಟೀಚರ್ ಸೇರಿ ಏಳು ಜನ, ಸಾಬರ ಕಡೆಗೇ ನಡೆದು ಬಂದರು. ಸಾಬರು ಖುಷಿಯಿಂದ ಚಾಪೆ ಹಾಸಿ ಕಥೆ ಶುರುಮಾಡಿದರು. ಕೋಟೆಯ ಬಾಗಿಲು, ಒಳಗೆ ದೀಪ, ಯಾರೋ ಕೆಮ್ಮುತ್ತಾರೆ. “ನಾ ಬಾಗಲಾ ಒದೀತೇನಿ,” ಎಂದಳು ವಿದ್ಯಾಶ್ರೀ. ಸಾಬರು ಅಭ್ಯಾಸಬಲದಿಂದ ವಸ್ತ್ರ ಹೊದಿಸಿ ಕೈ ಮುಂದೆ ಮಾಡಿದರು.

ಏಳು ಹೆಂಗಸರು ಆ ವಸ್ತ್ರವನ್ನು ನೋಡಿದರು. ಸಾಬರೂ ನೋಡಿದರು. ಪರಗಂಡಸಿನ ಕೈಯನ್ನು ಬಟ್ಟೆಯ ಕೆಳಗೆ ಹಿಡಿಯುವುದು ಹೇಗೆ? ನಲವತ್ತು ವರ್ಷದಲ್ಲಿ ಆ ವಸ್ತ್ರದ ಕೆಳಗೆ ಒಬ್ಬ ಹೆಂಗಸಿನ ಕೈ ಬಂದಿರಲಿಲ್ಲ, ಆಟ ಕಟ್ಟುವಾಗ ಅದು ಅವರ ತಲೆಗೇ ಹೊಳೆದಿರಲಿಲ್ಲ. ಅವರು ಕೈ ಹಿಂದೆ ತೆಗೆದುಕೊಂಡು ಬೆವರು ಒರೆಸಿದರು. ಹೆಂಗಸರು ಎದ್ದು ಅಂಬರೀಶನ ಕಡೆ ಹೋದರು. ದಾಳಕ್ಕೆ ಗಂಡು ಹೆಣ್ಣು ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ಅರ್ಧಾ ಊರು ಹೊರಗಿಟ್ಟು ಆಟ ಕಟ್ಟೀರಲ್ರೀ ಕಾಕಾ!” ಎಂದು ನಾನು ರೇಗಿದೆ. ರೇಗಲು ನನಗೆ ಕಾರಣವಿತ್ತು. ಮೂರು ವರ್ಷದಿಂದ ನನ್ನ ಮೇಜಿನ ಹಿಂದೆ ಕೂತು ಕೇಳಿ ಕೇಳಿ, ಆ ಕೋಟೆಯೊಳಗೆ ಹೋಗಬೇಕೆಂದು ನನಗೂ ಆಸೆಯಿತ್ತು. ಯಾರೂ ಕರೆದಿರಲಿಲ್ಲ.

ಮೂರನೆಯ ವಾರ ಸಾಬರು ರಬ್ಬರಿನ ಕೈಗವಸುಗಳನ್ನು ತಂದರು. ಪರೀಕ್ಷೆಗೆ ನೀಲಪ್ಪ ಕೂತ. ರಬ್ಬರಿನ ಮೇಲೆ ಎರಡು ಬೆರಳೋ ಮೂರೋ ತಿಳಿಯದೆ ಅವನು ಬಾವಿಗೆ ಬಿದ್ದು ಸತ್ತ. ಸಿಟ್ಟಾಗಿ ಅವನೂ ಮಿರ್ಚಿಯ ಕಡೆ ಹೋದ. ಈಗ ಅಂಬರೀಶನ ಬಳಿ ಸವಣೂರಿನಲ್ಲೇ ಹನ್ನೊಂದು. ಸಾಬರ ಪಾಲು ಸೊನ್ನೆ.

“ಅಬ್ಬಾ, ದಾಳಾನ ಹಾಕ್ರಿ,” ಎಂದಳು ಸುಹಾನಾ ತಂದೆಗೆ, ಫೋನಿನಲ್ಲಿ.

“ದಾಳ ಹಾಕಿದ್ರ ಅದು ನನ್ನ ಆಟಾನ ಅಲ್ಲ,” ಎಂದರು ಸಾಬರು. ಫೋನಿಟ್ಟು ವಸ್ತ್ರವನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು.

ಕೊನೆಯ ಭಾನುವಾರ ಮೂರು ಗಂಟೆಗೆ ಸುಹಾನಾ ತಾಯಿಯನ್ನು ಕರೆದುಕೊಂಡು ಬಂದಳು. ಕುಲಸುಮಬಿ ವಾಚನಾಲಯಕ್ಕೆ ಬಂದದ್ದು ಅದೇ ಮೊದಲು. ಗಂಡನ ಹೆಗಲಿನಿಂದ ವಸ್ತ್ರ ಎಳೆದುಕೊಂಡು ಚಾಪೆಯ ಮೇಲೆ ಕೂತರು.

“ನಿಮಗ ಬರತೈತೇನ್ರಿ?” ಎಂದೆ.

“ಮೂವತ್ತೈದು ವರ್ಷ ಸಂತಿಯಿಂದ ಬಂದ ಕೂಡ್ಲೆ ದಿನದ ಸೌದಾ ಎಲ್ಲಾ ನನ್ನ ಕೈಮ್ಯಾಲೆ ಒತ್ತಿ ತೋರಿಸ್ಯಾರ,” ಎಂದರು ಕುಲಸುಮಬಿ. “ಕಥೀನೂ ಮೂರು ವರ್ಷದಿಂದ ಉಣ್ಣೂಮುಂದ ಕೇಳಾಕತ್ತೇನಿ. ಕೈ ಕೊಡ್ರಿ ಅಕ್ಕಾರ.”

ನಾನು ಕೋಟೆಗೆ ಔಷಧ ಒಯ್ಯುವ ವೈದ್ಯೆಯಾದೆ. ಕಾವಲುಗಾರನನ್ನು ದಾಟಲು ಕುಲಸುಮಬಿ ನಾಲ್ಕು ದಮ್ಮು ಕೇಳಿದರು. ನಾನು ಒಂದು ಒತ್ತಿದೆ. ಅವರು ಮತ್ತೆ ನಾಲ್ಕೇ ಒತ್ತಿದರು, ಸ್ವಲ್ಪ ಜೋರಾಗಿ.

“ಅಯ್ಯ, ನಾಕು ಭಾಳ ಆತ್ರೀ!” ಎಂದು ಕೂಗಿಬಿಟ್ಟೆ. ಬಾಯಿಬಿಡಬಾರದೆಂಬ ನಿಯಮ ಮುರಿದೆ. ಆಚೆ ಕೂತ ಹೆಂಗಸರು ತಿರುಗಿ ನೋಡಿದರು.

“ಯಾತಕ್ಕ ನಾಕು ಕೇಳಾಕತ್ತಾರ್ರೀ?” ಎಂದು ವಿದ್ಯಾಶ್ರೀ ಎದ್ದು ಬಂದಳು. ಅವಳ ಹಿಂದೆ ಉಳಿದ ಆರೂ ಜನ. ಸಂತೆಯಲ್ಲಿ ಒಂದು ಸಿವುಡು ಮೆಂತ್ಯಕ್ಕೆ ಹತ್ತು ನಿಮಿಷ ಚೌಕಾಸಿ ಮಾಡುವವರು ದಾಳ ಹೇಳಿದ್ದನ್ನು ಎಷ್ಟು ದಿನ ಕೇಳಿಕೊಂಡಿರುತ್ತಾರೆ? ನಾಲ್ಕೂ ಮುಕ್ಕಾಲಿಗೆ ಅಂಬರೀಶನ ಬಳಿ ನಾಲ್ವರು ಗಂಡಸರು ಉಳಿದಿದ್ದರು. ನಮ್ಮಲ್ಲಿ ಏಳು ಜನ, ನಾನು, ಸುಹಾನಾ. ಒಂಬತ್ತು.

“ಹತ್ತನೇದವ್ರು ನೀವ, ಕಾಕಾ,” ಎಂದೆ. “ಈಗ ಆಡಿಸೂದು ನೀವಲ್ಲ, ಸಹಿ ಹಾಕಾಕ ಬರತೈತಿ. ಆ ಕೈಗೆ ಕೈ ಕೊಡಾಕ ಬರೂ ಗಂಡಸು ಊರಾಗ ನೀವೊಬ್ರ.”

“ನಾ ಎಂದೂ ಆಡಿಲ್ಲ, ಅಕ್ಕಾರ. ಆಡಿಸಿದ್ದಷ್ಟ.” ಆದರೂ ಬಂದು ಕೂತರು. ಬೇಟೆಗಾರನಾದರು. ಮೊಸಳೆಯಿರುವ ಕಂದಕ ದಾಟಬೇಕಿತ್ತು. ಕುಲಸುಮಬಿ ಐದು ಕೇಳಿದರಂತೆ, ಸಾಬರು ಎರಡು ಒತ್ತಿದರಂತೆ. ಮನೆಯಾಕೆಯಲ್ಲವೇ, ಇಳಿಯುತ್ತಾಳೆ ಎಂದು ಎರಡಕ್ಕೇ ನಿಂತರಂತೆ. ಕುಲಸುಮಬಿ ಕೈ ಬಿಡಿಸಿಕೊಂಡರು.

“ಮೊಸಳಿ ತಿಂತು,” ಎಂದರು.

ಗಡಿಯಾರದಲ್ಲಿ ಐದಕ್ಕೆ ಆರು ನಿಮಿಷ. “ಮೇಡಂ,” ಎಂದ ಅಂಬರೀಶ ಆಚೆಯಿಂದ, ಮೆತ್ತಗೆ. “ಕಾಕಾ ಸತ್ತಾರಲ್ರೀ. ಒಂಬತ್ತ ಆತು.”

ಆಡುವವರು ಜೀವಂತ ಇರಬೇಕೆಂದು ಕಮಿಟಿಯ ನಿಯಮದಲ್ಲಿ ಎಲ್ಲಿದೆ ಎಂದು ನಾನು ಅವನ ಮೇಲೆ ಹರಿಹಾಯ್ದೆ. ಸಾಬರೇ ಕೈ ಎತ್ತಿ ತಡೆದರು.

“ಅಂವ ಖರೇನ ಅಂತಾನ, ಅಕ್ಕಾರ. ಮುರದ ಸೌದಾ ಮುರದಂಗ. ಸತ್ತಾಂವ ಬರೂದು ಮುಂದಿನ ವಾರ. ನಿಯಮ ನಾನ ಮಾಡೇನಿ.” ಹಾಲು ಕೈತಪ್ಪಿತೆಂದು ಎಲ್ಲರಿಗಿಂತ ಮೊದಲು ಅವರಿಗೇ ಗೊತ್ತಾಗಿತ್ತು.

ಕುಲಸುಮಬಿ ವಸ್ತ್ರವನ್ನು ಮತ್ತೆ ಹಾಸಿದರು. “ಈಗ ಆಡಿಸಾಕತ್ತಾಕಿ ಯಾರ್ರಿ?”

ಸಾಬರು ಹೆಂಡತಿಯ ಕಡೆ ತಿರುಗಿದರು. “ನೀನ.”

“ಹಂಗಾರ ನಿಯಮಕ್ಕೂ ಚೌಕಾಸಿ ಮಾಡ್ರಿ. ಕೈ ಕೊಡ್ರಿ.”

ಅವರು ಕೊಟ್ಟರು. ವಸ್ತ್ರದ ಕೆಳಗೆ ಏನು ಕೇಳಿದರು, ಏನು ಕೊಟ್ಟರು, ನಮಗ್ಯಾರಿಗೂ ಗೊತ್ತಾಗಲಿಲ್ಲ. ಅಂಬರೀಶನೂ ಕತ್ತು ಚಾಚಿ ನೋಡುತ್ತಿದ್ದ. ಕೈ ಹೊರಗೆ ಬಂದಾಗ ಸಾಬರ ಕಣ್ಣು ತುಂಬಿತ್ತು. ಐದು ಹೊಡೆಯುವ ಮೊದಲೇ ಸಹಿಯ ಕಾಗದ ಎಳೆದುಕೊಂಡು ಹತ್ತನೆಯ ಸಾಲಿನಲ್ಲಿ ಸಹಿ ಹಾಕಿದರು. ಆಮೇಲೆ ಎದ್ದು ವಿದ್ಯಾಶ್ರೀಯ ಹಿಂದೆ, ಎಲ್ಲರಿಗಿಂತ ಕೊನೆಗೆ ಹೋಗಿ, ತಮ್ಮ ಪಾಳಿ ಬರಲೆಂದು ಕೂತರು.