ಫಕ್ಕೀರಪ್ಪ ಕಾಕಾ ಕುಡಿತ ಬಿಟ್ಟದ್ದು

ನಮ್ಮ ಪಕ್ಕದ ಮನೆಯ ಫಕ್ಕೀರಪ್ಪ ಕಾಕಾಗೆ ಗುಟ್ಟು ಹೇಳಲು ಬರುತ್ತಿರಲಿಲ್ಲ. ಅಮರಗೋಳದ ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿಯ ಸವಾಲು, ಅಂದರೆ ಹರಾಜು, ಕೂಗಿ ಕೂಗಿ ಅವರ ದನಿ ಎಷ್ಟು ದೊಡ್ಡದಾಗಿತ್ತೆಂದರೆ, ಪಿಸುಗುಟ್ಟಿದರೂ ಓಣಿಯ ಎರಡೂ ತುದಿಗೆ ಕೇಳುತ್ತಿತ್ತು. "ನಿಮ್ಮ ಕಾಕೂಗ ಹೇಳಬ್ಯಾಡ, ಸ್ವಲ್ಪ ತೊಗೊಂಡೇನಿ" ಎಂದು ನನ್ನ ಕಿವಿಯಲ್ಲಿ ಹೇಳಿದರೆ, ಒಳಗಿನಿಂದ ಹೆಂಡತಿ ಶಾಂತವ್ವ ಕಾಕುವೇ ಉತ್ತರ ಕೊಡುತ್ತಿದ್ದರು: "ಆಕಿಗೆ ಗೊತ್ತೈತಿ, ಊಟಕ್ಕ ಬರ್ರಿ."

ಮೊದಲು ಸಂಜೆಗಷ್ಟೇ ಇದ್ದ ಕುಡಿತ, ಬರಬರುತ್ತ ಬೆಳಗಿನ ಚಹಾಕ್ಕಿಂತ ಮುಂಚೆಯೇ ಶುರುವಾಗತೊಡಗಿತು. ಒಂದು ಗುಟುಕು ಇಳಿಯದಿದ್ದರೆ ಕೈ ನಡುಗಿ ಶರ್ಟಿನ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಕೇಳಿದರೆ, "ಕೈ ಅಲ್ರಿ, ಗುಂಡೀನ ನಡಗಾಕತ್ತೈತಿ" ಎನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು.

ಮಗಳು ಸುಮಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮೊಮ್ಮಗಳನ್ನು ಎತ್ತಿಕೊಳ್ಳಲು ಕಾಕಾ ಕೈ ಚಾಚಿದಾಗ ಅವಳು ಕೂಸನ್ನು ಎದೆಗವಚಿಕೊಂಡು, "ಬ್ಯಾಡಪ್ಪಾ, ನಿಮ್ಮ ಕೈ ನೋಡಕೋರಿ" ಎಂದಳಷ್ಟೆ. ಕಾಕಾ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಅಂದೇ ಸಂಜೆ ಬಾಟಲಿಯನ್ನು ಗಟಾರಕ್ಕೆ ಸುರಿದು, "ಇವತ್ತಿಂದ ಬಂದ್" ಎಂದು ಸಾರಿದರು. ಓಣಿಗೆ ಓಣಿಯೇ ಕೇಳಿಸಿಕೊಂಡಿತು. ಪೇಢೆ ಹಂಚುವುದೊಂದು ಬಾಕಿ.

ಮರುದಿನ ಮೈತುಂಬ ಬೆವರು, ವಾಂತಿ, ಕಣ್ಣಿಗೆ ನಿದ್ದೆಯಿಲ್ಲ. ವಿಷ ಇಳಿಯುತ್ತಿದೆ ಎಂದುಕೊಂಡು ನಾವು ಧೈರ್ಯ ಹೇಳಿದೆವು. ಅದರ ಮಾರನೆಯ ಬೆಳಿಗ್ಗೆ ಅವರ ಮನೆಯಿಂದ ಸವಾಲಿನ ಕೂಗು ಕೇಳಿ ಓಡಿದೆ. ಕಾಕಾ ಪಡಸಾಲೆಯಲ್ಲಿ ನಿಂತು, ಬರಿಗೋಡೆಯ ಕಡೆ ಕೈಮಾಡಿ, ಕಾಕುವಿನ ಹಿತ್ತಾಳೆ ಕೊಡಗಳನ್ನು ಸವಾಲಿಗಿಟ್ಟಿದ್ದರು. "ಮುಂದಿನವ್ರು ಸರೀರಿ, ಹಿಂದಿನ ದಲಾಲ್ರು ಕೇಳ್ರಿ." ನಗು ಬರುವಂತಿತ್ತು. ಆದರೆ ಅವರು ಮೈಮೇಲೆ ಇಲ್ಲದ ಇರುವೆಗಳನ್ನು ಕೊಡವಿಕೊಳ್ಳುತ್ತ, "ನೀ ಯಾರವಾ?" ಎಂದು ಹೆಂಡತಿಯನ್ನೇ ಕೇಳಿದಾಗ ಕಾಕುವಿನ ಮುಖ ಬಿಳಿಚಿತು. ನೋಡನೋಡುತ್ತ ಕಾಕಾ ಕೈಕಾಲು ಸೆಟೆದು, ಕಣ್ಣು ಮೇಲಾಗಿ, ನೆಲಕ್ಕೆ ಬಿದ್ದರು.

ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದೆವು. ಫಿಟ್ಸ್ ನಿಲ್ಲಿಸಿ ಹೊರಗೆ ಬಂದ ಡಾಕ್ಟರಮ್ಮ, "ಇಷ್ಟು ವರ್ಷ ಕುಡದ ಮೈರಿ ಇದು. ಒಮ್ಮಿಂದೊಮ್ಮೆ ಬಿಡಿಸಿದ್ರ ಜೀವಾನೂ ಹೋಗ್ತದ. ಬಿಡಬೇಕು, ಖರೇ. ಆದ್ರ ನಮ್ಮ ಕಣ್ಣ ಮುಂದ, ಔಷಧ ತೊಗೋತ ಬಿಡಬೇಕು" ಎಂದರು. ಲಿವರ್‌ಗೂ ಪೆಟ್ಟು ಬಿದ್ದಿತ್ತು.

ಕಾಕಾಗೆ ಪೂರ್ತಿ ಎಚ್ಚರವಾಗಲು ದಿನಗಳೇ ಹಿಡಿದವು. ಕೊಡಗಳ ಕತೆಯನ್ನು ಕಾಕು ಅಳುತ್ತಲೇ ಹೇಳಿದಾಗ, ಅವರು ಗಂಭೀರವಾಗಿ ಕೇಳಿ, "ಛಲೋ ರೇಟಿಗೆ ಹೋದ್ವೇನು?" ಎಂದರು. ಕಾಕುವಿಗೆ ಅಳು ಮರೆತೇಹೋಯಿತು.

ಮತ್ತೆ ಕುಡಿಯಲಿಲ್ಲ. ಮೊಮ್ಮಗಳು ಅವರ ಹೆಗಲ ಮೇಲೆಯೇ ಬೆಳೆದಳು. ಯಾರಾದರೂ ದೇವರ ಮೇಲೆ ಆಣೆಯಿಟ್ಟು ಕುಡಿತ ಬಿಟ್ಟರೆಂದು ಸುದ್ದಿ ಬಂದರೆ ಸಾಕು, ಕಾಕಾ ಅವರ ಬಾಗಿಲಲ್ಲಿ ಹಾಜರು. "ಆಣಿ ದೇವರ ಮುಂದ ಮಾಡು, ಬಿಡೂದು ಡಾಕ್ಟರ್ ಮುಂದ ಬಿಡು. ಚಪ್ಪಲಿ ಹಾಕ್ಕೋ, ನಡಿ."

ಕೊನೆಯ ಸಲ ನಾನವರನ್ನು ಕಂಡದ್ದು ಆಸ್ಪತ್ರೆಯ ಬೇವಿನ ಮರದ ಕೆಳಗೆ. ಕಾಲು ಬಾತು, ಕಣ್ಣು ಹಳದಿಯಾಗಿತ್ತು. ಕುಡಿತ ಬಿಡಿಸಲು ಕರೆತಂದಿದ್ದ ಪಕ್ಕದ ಓಣಿಯ ಪೇಂಟರ್ ಈರಪ್ಪನನ್ನು ಕೂರಿಸಿಕೊಂಡು ಮೋಸಂಬಿ ಸುಲಿದು ಕೊಡುತ್ತಿದ್ದರು.

"ನಿಮಗ ಆರಾಮಿಲ್ಲ ಕಾಕಾ, ಯಾಕ ತಿರಗತೀರಿ?" ಎಂದೆ.

"ಲಿವರ್ ಅಷ್ಟ ಮುನಿಸ್ಕೊಂಡೈತಿ. ಕಾಲು ಇನ್ನೂ ನನ್ನ ಮಾತು ಕೇಳ್ತಾವ" ಎಂದು ನನಗೂ ಒಂದು ತೊಳೆ ಕೊಟ್ಟರು.

ಮಳೆಗಾಲ ಮುಗಿಯುವಷ್ಟರಲ್ಲಿ ಕಾಕಾ ಹೋದರು. ಮಣ್ಣು ಕೊಟ್ಟು ಬಂದಾಗ ಅಂಗಳದಲ್ಲಿ ನಮಗಾರಿಗೂ ಗುರುತಿಲ್ಲದ ಗಂಡಸರು, ಹೆಂಡತಿಯರೊಡನೆ ಕುಳಿತಿದ್ದರು. ಈರಪ್ಪನೂ ಇದ್ದ. ಕಾಕು ಸೆರಗಿನಿಂದ ಮುಖ ಒರೆಸಿಕೊಂಡು ಒಬ್ಬೊಬ್ಬರನ್ನೇ ನೋಡಿದರು. ಆಮೇಲೆ ಮಗಳನ್ನು ಕರೆದರು.

"ಸುಮಾ, ಇನ್ನಷ್ಟು ಹಾಲು ತರಸವಾ. ಇವ್ರೆಲ್ಲಾ ಚಹಾ ಕುಡದ ಹೋಗಬೇಕು."