ಪಿಕಪ್ ಕೊಟ್ಟ ಬೀಗರು

ಹೋದ ವಾರ ಬೆಳಿಗ್ಗೆ ವರಾಂಡದಲ್ಲಿ ಪೇಪರ್ ಓದುತ್ತ ಕುಳಿತಿದ್ದೆ. ಗೇಟಿನ ಆಚೆ ಯಾವುದೋ ಟೆಂಪೋ ಬಂದು ನಿಂತಿತು. ಸ್ವಲ್ಪ ಹೊತ್ತಿಗೆ ಬೆಲ್ಲ ಸೀದಂಥ ಒಂದು ಸಿಹಿ ವಾಸನೆ... ಸೊಸೆ ಒಳಗಿನಿಂದ ಓಡಿಬಂದಳು.

"ಅತ್ತಿ, ಏನರೆ ಸೀಯಾಕ ಹತ್ತೇತೇನ್ರಿ? ನಾ ಒಲಿ ಮ್ಯಾಲೆ ಏನೂ ಇಟ್ಟಿಲ್ಲ."

"ಒಲಿ ಅಲ್ಲವಾ, ರೇಡಿಯೇಟರ್," ಎಂದೆ. "ಕೂಲಂಟ್ ಲೀಕ್ ಆಗಿ ಬಿಸಿ ಇಂಜಿನ್ ಮ್ಯಾಲೆ ಬೀಳಾಕ ಹತ್ತೇತಿ. ಆ ಡ್ರೈವರಗ ಹೇಳು, ಆರೂತನಾ ಮುಚ್ಚಳಾ ತಗೀಬ್ಯಾಡ, ಮಾರಿ ಸುಟ್ಟಕೊಂಡೀ ಅಂತ."

ಅವಳು ನನ್ನನ್ನೇ ನೋಡಿದಳು. ಬೆಳಗಾವಿಯ ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಮತ್ತು ಎಲೊಕ್ಯೂಶನ್ ಕಲಿತ ಅತ್ತೆಗೆ ಈ ವಿದ್ಯೆ ಎಲ್ಲಿಂದ ಬಂತು ಎಂಬ ಆಶ್ಚರ್ಯ ಅವಳ ಮುಖದಲ್ಲಿತ್ತು. ಅವಳು ಈ ಮನೆಗೆ ಬರುವ ಹೊತ್ತಿಗೆ ನಮ್ಮ ಹಳೆಯ ಪಿಕಪ್ ಹೋಗಿಬಿಟ್ಟಿತ್ತು. ಬೀಗರೂ ಹೋಗಿಬಿಟ್ಟಿದ್ದರು.

ಅವರು ನಿಜವಾದ ಬೀಗರಲ್ಲ. ನಮಗೆ ಆ ಪಿಕಪ್ ಮಾರಿದವರು, ಅಷ್ಟೇ.

ನಮ್ಮದು ಬೈಲಹೊಂಗಲದಲ್ಲಿ ಬೇಕರಿ. ಬ್ರೆಡ್, ಖಾರಿ, ಟೋಸ್ಟ್, ನಾನ್‌ಕಟಾಯಿ. ಅಂಗಡಿಯ ವ್ಯಾಪಾರಕ್ಕಿಂತ ಸುತ್ತಲಿನ ಹಳ್ಳಿಗಳ ಚಹಾದಂಗಡಿಗಳಿಗೆ ಹೋಗುವ ಮಾಲೇ ಹೆಚ್ಚು. ಹೊಸ ಗಾಡಿ ಕೊಳ್ಳುವ ಶಕ್ತಿ ಆಗ ನಮಗಿರಲಿಲ್ಲ. ನಮ್ಮ ಯಜಮಾನರು ಅಲ್ಲಿ ಇಲ್ಲಿ ವಿಚಾರಿಸಿ, ಕೊನೆಗೆ ನೇಸರಗಿಯಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಪಿಕಪ್ ಗೊತ್ತುಮಾಡಿದರು. ಅದರ ಮಾಲೀಕರೇ ಅದರ ಡ್ರೈವರ್. ನೀಟಾಗಿ ಕತ್ತರಿಸಿದ ಬಿಳಿ ಗಡ್ಡ, ತೊಳೆದು ತೊಳೆದು ತೆಳ್ಳಗಾದ ಟೋಪಿ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಸಂಜೆಯಾದರೆ ಎದುರಿನಿಂದ ಬರುವ ಗಾಡಿ ಒಂದೋ ಎರಡೋ ತಿಳಿಯುವುದಿಲ್ಲ, ಅದಕ್ಕೇ ಮಾರುತ್ತಿದ್ದೇನೆ ಎಂದು ಅವರೇ ಹೇಳಿದರು.

"ಗಾಡಿ ಹೆಂಗೈತ್ರಿ?" ಎಂದು ಯಜಮಾನರು ಕೇಳಿದರು.

"ಹೂವರೀ, ಹೂವ."

ಆ ಹೂವನ್ನು ಊರ ಹೊರಗೆ ಒಂದು ಸುತ್ತು ಓಡಿಸಿ ನೋಡಿದೆವು. ಎಷ್ಟು ವೆಲ್-ಬಿಹೇವ್ಡ್ ಆಗಿತ್ತೆಂದರೆ, ನೋಡಲು ಬಂದವರ ಮುಂದೆ ತಲೆ ತಗ್ಗಿಸಿ ಉಪ್ಪಿಟ್ಟಿನ ತಾಟು ತಂದಿಟ್ಟ ಹುಡುಗಿಯ ಹಾಗೆ! ವ್ಯವಹಾರ ಮುಗಿಯಿತು. ಇನ್ನೇನು ಹೊರಡಬೇಕು, ಅವರು ಸೀಟಿನ ಹಿಂದೆ ಕೈಹಾಕಿ ದಪ್ಪನೆಯ ಹಗ್ಗದ ಸುರುಳಿಯೊಂದನ್ನು ಹೊರಗೆಳೆದರು. ದಾರಿಯಲ್ಲಿ ಗಾಡಿ ನಿಂತರೆ ಇನ್ನೊಂದು ಗಾಡಿಗೆ ಕಟ್ಟಿ ಎಳೆಸುವ ಹಗ್ಗ.

"ಅದ್ಯಾಕ ತಗೊಂಡ್ರಿ? ಅದೂ ಗಾಡೀದs ಅಲ್ಲೇನು?"

"ದನಾ ಮಾರಿದಾಂವ ಹಗ್ಗ ಕೊಡತಾನೇನ್ರಿ? ಹಗ್ಗ ಕೊಟ್ರ ಮನಿ ಬರಕತ್ತೂ ಅದರ ಕೂಡ ಹೋಗತೈತಿ."

ದನ ಮಾರುವವರು ದನವನ್ನಷ್ಟೇ ಕೊಟ್ಟು, ಮನೆಯ ಏಳಿಗೆ ಹೋಗದಿರಲೆಂದು ಹಗ್ಗವನ್ನು ತಮ್ಮಲ್ಲೇ ಇಟ್ಟುಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಯಜಮಾನರೂ ರೈತರ ಮನೆಯಲ್ಲೇ ಹುಟ್ಟಿದವರು. "ಬರೋಬರಿ ಮಾತ ಬಿಡ್ರಿ," ಎಂದು ಒಪ್ಪಿಬಿಟ್ಟರು. ಡೀಸೆಲ್ ಕುಡಿಯುವ ದನಕ್ಕೂ ಈ ರೂಲ್ ಅನ್ವಯಿಸುತ್ತದೆಯೇ ಎಂಬ ಡೌಟ್ ಇಬ್ಬರಿಗೂ ಬರಲಿಲ್ಲ. ನನಗೆ ಬಂತು. ಕೇಳುವವರಿರಲಿಲ್ಲ.

ಸ್ವಲ್ಪೇ ದಿನಕ್ಕೆ ಮುರಗೋಡದ ದಾರಿಯಲ್ಲಿ ಹೂವು ಬಾಡಿತು. ಆವತ್ತು ನಾನೂ ಜೊತೆಗಿದ್ದೆ. ಕ್ಲಚ್ ಬಿಟ್ಟರೂ ಒಳಗೆ ಏನೂ ಹಿಡಿಯುತ್ತಿಲ್ಲ. ಇಂಜಿನ್ ಒದರುತ್ತದೆ, ಗಾಲಿ ಅಲುಗುವುದಿಲ್ಲ. ಒಬ್ಬ ಟ್ರ್ಯಾಕ್ಟರಿನವ ಎಳೆಯುತ್ತೇನೆಂದು ನಿಲ್ಲಿಸಿದ. "ಹಗ್ಗ ತಗೀರಿ," ಎಂದ. ಹಗ್ಗ ನೇಸರಗಿಯಲ್ಲಿತ್ತು! ಯಜಮಾನರು ಸಿಟ್ಟಿನಿಂದ ಫೋನ್ ಮಾಡಿ, "ನಿಮ್ಮ ಬರಕತ್ತ ತಗೊಂಡ ಬರ್ರಿ ಇಲ್ಲೆ," ಎಂದರು.

ಬಂದರು. ಎರಡು ಬಸ್ ಬದಲಿಸಿ, ಹೆಗಲಿಗೆ ಹಗ್ಗ ಹಾಕಿಕೊಂಡು, ಬಿಸಿಲಲ್ಲಿ ಇಳಿದರು.

"ಬಸ್ನ್ಯಾಗ ಎಲ್ಲಾರೂ ಕೇಳಿದ್ರರೀ, ಚಾಚಾ, ಯಾರ್ ಬಾವ್ಯಾಗ ಬಿದ್ದಾರಂತ."

ನನಗೆ ನಗು ತಡೆಯಲಾಗಲಿಲ್ಲ. ಯಜಮಾನರು ಬಿಗಿದ ಮುಖದಲ್ಲೇ ಇದ್ದರು. ಗಾಡಿ ಬೈಲಹೊಂಗಲದ ಗ್ಯಾರೇಜು ಮುಟ್ಟಿದ ಮೇಲೆ ಆ ಹಿರಿಯರು ಹಗ್ಗ ಬಿಚ್ಚಿ, ಧೂಳು ಕೊಡವಿ, ಸುತ್ತಿ, ಮತ್ತೆ ಹೆಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಯಜಮಾನರು ಅವರ ಬೆನ್ನನ್ನೇ ನೋಡುತ್ತ, "ಮಗಳ್ನ ಕೊಟ್ಟ ಬೀಗರೂ ಇಷ್ಟ ಬಿಗೀ ಇರಂಗಿಲ್ಲ ನೋಡು," ಎಂದರು. ಅಂದಿನಿಂದ ಅವರು ನಮ್ಮ ಮನೆಯಲ್ಲಿ ಬೀಗರು.

ಆಮೇಲೆ ಹೂವಿನ ಒಂದೊಂದೇ ಎಸಳು ಬಿಚ್ಚತೊಡಗಿತು. ಕ್ಲಚ್ಚಿನ ಕೆಲಸಕ್ಕೇ ಏಳೆಂಟು ಸಾವಿರ ಹೋಯಿತು. ಚಳಿಗಾಲದ ಬೆಳಿಗ್ಗೆ ಸೆಲ್ಫ್ ಹಿಡಿಯುತ್ತಿರಲಿಲ್ಲ. ಭಟ್ಟಿಯ ಮುಂದೆ ಹಿಟ್ಟು ನಾದುತ್ತಿದ್ದವರೆಲ್ಲ ಬಂದು ನೂಕಬೇಕು, ಹಿಂಬಾಗಿಲಿನ ಮೇಲೆ ಮೈದಾಹಿಟ್ಟಿನ ಅಂಗೈಗಳು ಸಂಜೆಯವರೆಗೂ ಕಾಣುತ್ತಿದ್ದವು. ಚಚಡಿಯ ರಸ್ತೆಯ ತಗ್ಗಿನಲ್ಲಿ ಹಿಂದಿನ ಪಾಟಾ, ಅಂದರೆ ಸ್ಪ್ರಿಂಗಿನ ಪಟ್ಟಿ, ಮುರಿಯಿತು. ಸ್ಟೇರಿಂಗ್ ಎಡಕ್ಕೆ ಎಳೆದು ಟಾಯರ್ ಒಂದೇ ಮಗ್ಗುಲು ಸವೆಯಿತು. ಹಳೆಯ ಗಾಡಿಯ ರಿಪೇರಿ ಎಂದರೆ ಹಳೆಯ ಮನೆಯ ರಿಪೇರಿ ಇದ್ದ ಹಾಗೆ. ಒಂದನ್ನು ಬಿಚ್ಚಿದರೆ ಪಕ್ಕದ್ದೂ ಸವೆದಿರುತ್ತದೆ. ಹೆಂಗೂ ಬಿಚ್ಚೇವಿ, ಇದನ್ನೂ ಮಾಡಿಸಿ ಬಿಡ್ರಿ ಎನ್ನುತ್ತಾರೆ. ಸಾಮಾನಿಗಿಂತ ಮಜೂರಿ ಹೆಚ್ಚು.

ಪ್ರತಿ ಸಲವೂ ಬೀಗರಿಗೆ ಹೇಗೋ ಸುದ್ದಿ ಮುಟ್ಟುತ್ತಿತ್ತು. ಬಂದು ಗ್ಯಾರೇಜಿನಲ್ಲಿ ಕೂರುತ್ತಿದ್ದರು. ನಮ್ಮ ಮಿಸ್ತ್ರಿಗೆ ಅವರನ್ನು ಕಂಡರೆ ಹಬ್ಬ.

"ಬೀಗರ, ಹೆಣ್ಣಿನ ಎಲ್ಲಾ ರೋಗಾ ಮುಚ್ಚಿ ಧಾರೀ ಎರದೀರಿ ನೋಡ್ರಿ ನೀವು!"

"ನಮ್ಮ ಮನ್ಯಾಗ ಒಂದಿನಾ ಕೆಮ್ಮಿದಾಕಿ ಅಲ್ಲೋ ಅಕೀ. ನಿಮ್ಮೂರ ಡೀಸೆಲ್ಲs ಸರಿ ಇಲ್ಲ."

"ಪಾಟಾ ಏನ್ ಡೀಸೆಲ್ ಕುಡದ ಮುರೀತರೀ?"

"ಟೋಸ್ಟ ಹೇರೀವಿ ಅಂತ ಹೇಳಿ ಕಲ್ಲ ಹೇರಿರತಾರ ಇವ್ರು. ನನಗೇನ್ ಕಣ್ಣ ಕಾಣತಾವ?"

ಸತ್ಯವಾಗಿ ಹೇಳುತ್ತೇನೆ, ಅವರ ಡಯಾಗ್ನೋಸಿಸ್ ಒಂದೂ ಸರಿಹೋಗುತ್ತಿರಲಿಲ್ಲ. ಪಂಪು ಕೆಟ್ಟಿದ್ದರೆ ಫಿಲ್ಟರ್ ಅನ್ನುವರು, ಬೇರಿಂಗ್ ಹೋಗಿದ್ದರೆ ಗಾಳಿ ಕಡಿಮೆ ಅನ್ನುವರು. ಯಾವ ತಂದೆ ತಾನೇ ಮಗಳ ದೋಷ ಹೇಳಿಯಾನು?

ಶ್ರಾವಣ ಬಂತು. ಪಂಚಮಿಯ ಹಾಲೆರೆಯುವ ಹಿಂದಿನ ದಿನ ಬೀಗರು ಟಿಫಿನ್ ಡಬ್ಬಿಯಲ್ಲಿ ಸೇಂಗಾ ಉಂಡಿ ಹಿಡಿದುಕೊಂಡು ಬಂದರು.

"ಕರಿಯಾಕ ಬಂದೇನ್ರಿ ಅಕ್ಕಾರ."

"ಯಾರ್ನ?"

"ನಮ್ಮಾಕಿನ್ನ. ಊರಾಗಿನ ಹೆಣ್ಣಮಕ್ಳೆಲ್ಲಾ ಪಂಚಮಿಗೆ ತವರಮನಿಗೆ ಬಂದಾರ. ನಮ್ಮಾಕಿ ಒಬ್ಬಾಕೀನs ಬರಲಿಲ್ಲಂದ್ರ ಮಂದಿ ಏನಂದಾರು?"

ತಮಾಷೆ ಎಂದುಕೊಂಡೆ. ಅವರು ಚಹಾ ಕುಡಿದು ಹೋಗಿ ಗಾಡಿಯ ಎಡಗಡೆ ಸೀಟಿನಲ್ಲಿ ಕುಳಿತೇಬಿಟ್ಟರು. ಯಜಮಾನರು ಮುಗುಳ್ನಕ್ಕು ಕೀಲಿಕೈ ತೆಗೆದುಕೊಂಡರು. ನಾನೂ ಹತ್ತಿದೆ. ನೇಸರಗಿ ಮುಟ್ಟುವವರೆಗೂ ಅವರ ಕೈ ಡ್ಯಾಶ್‌ಬೋರ್ಡಿನ ಮೇಲೇ ಇತ್ತು. ಮನೆಯ ಮುಂದೆ ಅವರ ಹೆಂಡತಿ ಕೊಡ ನೀರು ತಂದು ಗಾಲಿಗಳಿಗೆ ಹೊಯ್ದರು, ಕನ್ನಡಿಗೆ ಒಂದು ಮೊಳ ಹೂವು ಕಟ್ಟಿದರು. ಓಣಿಯ ಮಕ್ಕಳೆಲ್ಲ ಹಿಂದೆ ಹತ್ತಿ ಕುಣಿಯತೊಡಗಿದರು. ಬೀಗರು ಯಾರನ್ನೂ ಗದರಲಿಲ್ಲ. ಬಕೆಟ್ಟು, ಬಟ್ಟೆ ಹಿಡಿದು, ಕಣ್ಣಿಗೆ ಕಾಣದ್ದನ್ನು ಕೈಯಿಂದ ಮುಟ್ಟಿ ಮುಟ್ಟಿ ಒರೆಸಿದರು...

ಅವರ ಹೆಂಡತಿ ನನ್ನ ಪಕ್ಕ ಕುಳಿತು ಮೆಲ್ಲಗೆ ಹೇಳಿದರು: "ನಮಗ ಇಬ್ಬರೂ ಗಂಡಮಕ್ಳರೀ ಅಕ್ಕಾರ. ಹೆಣ್ಣ ಆಗಲಿಲ್ಲ. ಗಾಡಿ ಮಾರೂ ದಿನಾ ಉಣಲಿಲ್ಲ ಇವ್ರು. ನೀವ್ ನಗಬ್ಯಾಡ್ರಿ."

ನಾನು ನಗುತ್ತಿರಲಿಲ್ಲ. ದೋಷ ಮುಚ್ಚಿ ಗಾಡಿ ಕೊಟ್ಟರೆಂದು ಮನಸ್ಸಿನಲ್ಲಿ ಒಂದು ಕಹಿ ಇತ್ತಲ್ಲ, ಅದು ಆ ಓಣಿಯಲ್ಲೇ ಎಲ್ಲೋ ಉಳಿಯಿತು. ಮುಂದೆ ಪ್ರತಿ ವರ್ಷ ಪಂಚಮಿಗೆ ಪಿಕಪ್ ತವರಿಗೆ ಹೋಗಿಬರುತ್ತಿತ್ತು.

ಹೀಗಿರುವಾಗ ಒಂದು ಬೇಸಿಗೆ, ರಾಮದುರ್ಗಕ್ಕೆ ದೊಡ್ಡ ಆರ್ಡರ್ ತೆಗೆದುಕೊಂಡು ಹೋಗುವಾಗ, ಸವದತ್ತಿ ದಾಟಿದ ಮೇಲೆ ಟೆಂಪರೇಚರಿನ ಮುಳ್ಳು ಏರಿತು. ಬೆಲ್ಲ ಸೀದ ವಾಸನೆ, ಬೆನ್ನಿಗೇ ಬಿಳಿ ಹೊಗೆ. ಯಜಮಾನರು ಇನ್ನೇನು ಊರು ಬಂತೆಂದು ಓಡಿಸಿದರಂತೆ. ಮಿಸ್ತ್ರಿ ಬಿಚ್ಚಿ ನೋಡಿ ತಲೆಯಾಡಿಸಿದ.

"ಹೆಡ್ ಗ್ಯಾಸ್ಕೆಟ್ ಹೋಗೇತ್ರಿ. ನೀರ ಕೂಡಿ ಆಯಿಲ್ ಚಹಾದಂಗ ಆಗೇತಿ ನೋಡ್ರಿ. ಸಿಲಿಂಡರ್ ಬೋರೂ ಸವದೈತಿ. ಅರವತ್ತ ಸಾವಿರದಾಗ ಮುಗದ್ರ ನಿಮ್ಮ ಪುಣ್ಯಾ."

ಗುಜರಿಯವರು ಕಬ್ಬಿಣದ ತೂಕಕ್ಕೆ ಕೇಳಿದರು. "ಕೊಟ್ಟ ಬಿಡೂಣು, ಸಾಕಾಗೇತಿ," ಎಂದರು ಯಜಮಾನರು. ತಪ್ಪೇನಿರಲಿಲ್ಲ. ಅಷ್ಟು ಖರ್ಚು ಮಾಡಿದರೂ ಎಷ್ಟು ದಿನ ಓಡುತ್ತದೆಂಬ ಗ್ಯಾರಂಟಿ ಇರಲಿಲ್ಲ. ಆದರೆ ಬೀಗರಿಗೆ ಯಾರು ಹೇಳಬೇಕು? ಆ ಕೆಲಸ ನನ್ನ ಪಾಲಿಗೆ ಬಂತು. ಕಾನ್ವೆಂಟಿನಲ್ಲಿ ನಮಗೆ ಕಂಡೋಲೆನ್ಸ್ ಲೆಟರ್ ಬರೆಯುವುದನ್ನು ಕಲಿಸಿದ್ದರು. ಇದಕ್ಕೆ ಯಾವ ಫಾರ್ಮ್ಯಾಟೂ ಇರಲಿಲ್ಲ. ಫೋನಿನಲ್ಲಿ ಹೇಗೋ ಹೇಳಿದೆ. "ನಾಳೆ ಬರತೇನ್ರಿ," ಎಂದಷ್ಟೇ ಅಂದರು.

ಮರುದಿನ ಮಗನ ಕೈ ಹಿಡಿದು ಬಂದರು. ಇಂಜಿನ್ ಬಿಚ್ಚಿಹಾಕಿದ ಪಿಕಪ್ ಬಾಯಿ ತೆರೆದುಕೊಂಡು ನಿಂತಿತ್ತು. ಯಾವಾಗಲೂ ಚುಡಾಯಿಸುವ ಮಿಸ್ತ್ರಿ ಸುಮ್ಮನೆ ಸ್ಟೂಲು ಸರಿಸಿದ. ಅವರು ಕೂರಲಿಲ್ಲ. ಬಾನೆಟ್ಟಿನ ಅಂಚು ಹಿಡಿದು ನಿಂತರು. ಈಗ ಡೀಸೆಲ್ಲನ್ನು ಬಯ್ಯುತ್ತಾರೆ, ನಮ್ಮ ರಸ್ತೆಯನ್ನು ಬಯ್ಯುತ್ತಾರೆ ಎಂದು ಕಾದೆ.

"ಭಾಳ ಖರ್ಚ ಹಚ್ಚಿದ್ಲರಿ ನಿಮಗ," ಎಂದರು. "ಕೊಡೂ ಮುಂದ ನಾ ಹೇಳಬೇಕಿತ್ತು. ಕ್ಲಚ್ ಆವಾಗs ಮುಗೀಲಿಕ್ಕೆ ಬಂದಿತ್ತು. ಥಂಡ್ಯಾಗ ಸೆಲ್ಫ್ ಹಿಡೀತಿರಲಿಲ್ಲ. ಹೇಳಿದ್ರ ನೀವ್ ಒಲ್ಲೆ ಅಂತಿದ್ರಿ, ಮತ್ತ ಯಾರೋ ಕಟುಕರ ಕೈಯಾಗ ಬೀಳತಿದ್ಲು. ನಿಮ್ಮ ಮಂದಿ ಚಲೋ ಅನಿಸ್ತು, ಬಾಯಿ ಮುಚ್ಚಿದೆ." ಬಾನೆಟ್ಟಿನ ಅಂಚನ್ನು ಹೆಬ್ಬೆರಳಿನಿಂದ ಒರೆಸಿದರು. "ಕೊಟ್ಟ ಬಿಡ್ರಿ. ಇನ್ನ ದುಡಸಬ್ಯಾಡ್ರಿ. ಒಂದs ಮಾತು... ಅಕಿನ್ನ ಕಡಿಯೂ ದಿನಾ ಮಾತ್ರ ನನಗ ಹೇಳಬ್ಯಾಡ್ರಿ."

ಯಜಮಾನರು ಎದ್ದು ರಸ್ತೆಗೆ ಹೋದರು. ಆ ಕಡೆ ಮುಖ ಮಾಡಿ ಬಹಳ ಹೊತ್ತು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. ತಿರುಗಿ ಬಂದವರೇ ಮಿಸ್ತ್ರಿಗೆ ಜೋರು ಮಾಡಿದರು.

"ಏ, ಬೋರ್ ಕೆಲಸಾ ಹಿಡಿಯೋ. ಹೊಸಾ ಗಾಡಿ ಕಂತ ಯಾಂವ ಕಟ್ಟಾಂವ? ಲೆಕ್ಕಾ ಹಾಕಿದ್ರ ಇದs ಸೋವಿ."

ಬೇಕರಿಯ ಲೆಕ್ಕ ನೋಡುತ್ತಿದ್ದವಳು ನಾನು. ಅವರು ಯಾವ ಲೆಕ್ಕವನ್ನೂ ಹಾಕಿರಲಿಲ್ಲ. ನಾನೂ ಲೆಕ್ಕದ ಪುಸ್ತಕ ತೆಗೆಯಲಿಲ್ಲ.

ಕೆಲಸ ಮುಗಿಯುವವರೆಗೆ ನಮ್ಮ ಬ್ರೆಡ್ಡು ಬಸ್ಸಿನ ಟಾಪ್ ಮೇಲೆ ಜಜ್ಜಿಕೊಂಡು ಹಳ್ಳಿಗಳಿಗೆ ಹೋಯಿತು. ಪಿಕಪ್ ಹೊರಬಂದಾಗ ಅದರ ಇಂಜಿನ್ ಎಷ್ಟು ಸ್ಮೂತ್ ಆಗಿತ್ತೆಂದರೆ, ಚಾಲೂ ಇದೆಯೋ ಇಲ್ಲವೋ ಎಂದು ಬಗ್ಗಿ ಕೇಳಬೇಕು. ಪಂಚಮಿಗೆ ಬೀಗರು ಬರಲಿ, ಬೆರಗಾಗಲಿ ಎಂದು ಕಾದೆವು.

ಪಂಚಮಿ ಬಂತು. ಅವರು ಬರಲಿಲ್ಲ. ಫೋನ್ ಮಾಡಿದರೆ ಮಗ ಎತ್ತಿದ. ಅಪ್ಪನಿಗೆ ಈಗ ಏನೂ ಕಾಣುವುದಿಲ್ಲ, ಕಾಲೂ ಬಾತಿದೆ, ಕಟ್ಟೆ ಬಿಟ್ಟು ಇಳಿಯುವುದಿಲ್ಲ ಎಂದ. "ಕರಿಯಾಕ ಬರದಿದ್ರೇನಾತು, ನಾವs ಕರಕೊಂಡ ಹೋಗೂಣು," ಎಂದರು ಯಜಮಾನರು.

ಕಟ್ಟೆಯ ಮೇಲೆ, ಕಂಬಕ್ಕೆ ಒರಗಿ ಕುಳಿತಿದ್ದರು. ಗಾಡಿ ಅವರ ಮುಂದೆಯೇ ಹೋಗಿ ನಿಂತಿತು. ಅವರು ಮುಖ ಎತ್ತಿ ಕೇಳಿದರು.

"ಯಾರ ಗಾಡಿ ಅದು?"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಓಣಿಯ ತಿರುವಿನಲ್ಲೇ ಅದರ ಸದ್ದು ಹಿಡಿದು ಎದ್ದು ನಿಲ್ಲುತ್ತಿದ್ದವರು...

"ನಿಮ್ಮಾಕೀನs ಬಂದಾಳ್ರಿ ಬೀಗರ," ಎಂದೆ.

"ಸುಳ್ಳ ಹೇಳಬ್ಯಾಡ್ರಿ ಅಕ್ಕಾರ. ಅಕಿನ್ನ ಗುಜರಿಗೆ ಕೊಟ್ಟ, ನನ್ನ ಸಮಾಧಾನಕ್ಕ ಬ್ಯಾರೆ ಗಾಡಿ ತಂದೀರಿ. ನನ್ನ ಗಾಡಿ ದನಿ ನನಗ ತಿಳಿಯಂಗಿಲ್ಲೇನು?"

ನಾನು ಇಳಿದು ಅವರ ಕೈ ಹಿಡಿದು ಮೆಲ್ಲಗೆ ಕಟ್ಟೆಯಿಂದ ಇಳಿಸಿದೆ. ಬಾಗಿಲಿನ ಒಳಗೆ, ಗಾಜು ಇಳಿಸುವ ಹಿಡಿಕೆ ಮುರಿದಾಗ ಯಾವ ಕಾಲದಲ್ಲೋ ಅವರೇ ತಂತಿ ಸುತ್ತಿ ಕೂರಿಸಿದ್ದರು. ನಾವು ಅದನ್ನು ಬದಲಿಸಿರಲಿಲ್ಲ. ಅವರ ಬೆರಳುಗಳನ್ನು ಅದರ ಮೇಲಿಟ್ಟೆ. ಬೆರಳು ಸುತ್ತು ಸುತ್ತು ತಂತಿಯ ಮೇಲೆ ಹೋಯಿತು, ನಿಂತಿತು.

"ಚಾಲೂ ಮಾಡ್ರಿ ಇನ್ನೊಮ್ಮೆ," ಎಂದರು.

ಯಜಮಾನರು ಕೀಲಿಕೈ ತಿರುಗಿಸಿದರು. ಒಂದೇ ಸಲಕ್ಕೆ ಹಿಡಿಯಿತು. ಬೀಗರು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಕೇಳಿದರು, ಬಹಳ ಹೊತ್ತು.

"ದುಡದ ದುಡದ ದನಿ ಒಡದಿತ್ತರೀ ಅಕೀದು. ಅದನ್ನs ನಾನು ಅಕಿ ದನಿ ಅಂತ ತಿಳಕೊಂಡಿದ್ದೆ," ಎಂದರು.

ಮುಂದಿನ ಶ್ರಾವಣಕ್ಕೆ ಅವರಿರಲಿಲ್ಲ. ಮಣ್ಣಿಗೆ ಹೋಗಿಬಂದೆವು. ಪಿಕಪ್ ಆಮೇಲೂ ಕೆಲವು ವರ್ಷ ನಮ್ಮಲ್ಲಿತ್ತು. ಮಗ ವ್ಯಾಪಾರ ವಹಿಸಿಕೊಂಡ ಮೇಲೆ ರಾಮದುರ್ಗದ ಕಡೆಯ ಒಬ್ಬರಿಗೆ ಮಾರಿದೆವು. ನಾನು ಅದರ ಒಂದೊಂದೇ ದೋಷ ಹೇಳುತ್ತ ಹೋದಂತೆ ಆತ, "ಬಾಯಾರ, ಮಾರಾಕ ಕುಂತೀರೋ, ತಗೋಬ್ಯಾಡ ಅನ್ನಾಕ ಕುಂತೀರೋ?" ಎಂದು ನಕ್ಕ. ಅವನು ಅದನ್ನು ಮತ್ಯಾರಿಗೋ ಕೊಟ್ಟನಂತೆ. ಈಗ ಎಲ್ಲಿದೆಯೋ, ಇದೆಯೋ ಇಲ್ಲವೋ...

ಈಗ ನಮ್ಮದು ಹೊಸ ವ್ಯಾನು, ಶೋರೂಮಿನಿಂದ ಬಂದದ್ದು. ಒಳ್ಳೆಯದು, ಏನೂ ತೊಂದರೆ ಕೊಡುವುದಿಲ್ಲ. ಸರ್ವಿಸಿಂಗ್ ಬಂದರೆ 'ಡಿಯರ್ ಕಸ್ಟಮರ್' ಎಂದು ಮೊಬೈಲಿಗೆ ಮೆಸೇಜು ಬರುತ್ತದೆ. ಪಂಚಮಿ ಬಂದರೆ ಸೊಸೆಯನ್ನು ಕರೆಯಲು ಅವಳ ಅಣ್ಣ ಬರುತ್ತಾನೆ. ಚಹಾ ಕುಡಿದು ಕರೆದುಕೊಂಡು ಹೋಗುತ್ತಾನೆ. ವ್ಯಾನು ಅಂಗಳದಲ್ಲೇ ನಿಂತಿರುತ್ತದೆ. ಅದನ್ನು ಕರೆಯಲು ಯಾರೂ ಬರುವುದಿಲ್ಲ.