ಉಗುಳಿದ ಗುಟುಕಿಗೆ ಹೋದ ಕೆಲಸ

ಶಿಕ್ಷೆಯಾದದ್ದು ಒಬ್ಬಳಿಗೆ ಮಾತ್ರ. ಹಣ್ಣಿನಿಂದ ವೈನ್ ಮಾಡಿಸುವ ಮಾಲೀಕರಿಗೆ ಆಗಲಿಲ್ಲ, ಅದನ್ನು ಕೊಂಡು ಕುಡಿಯುವ ನವನಗರದ ನನ್ನ ನೆರೆಹೊರೆಯವರಿಗೆ ಆಗಲಿಲ್ಲ, ಅದಕ್ಕೆ ಪರವಾನಗಿ ಕೊಟ್ಟ ಸರಕಾರಕ್ಕಂತೂ ಆಗಲೇ ಇಲ್ಲ. ದಿನಕ್ಕೆ ನಾಲ್ಕಾರು ಗುಟುಕು ಬಾಯಿಗೆ ಹಾಕಿಕೊಂಡು, ರುಚಿ ಹೇಳಿ, ಬೂದಿ ತುಂಬಿದ ಬಕೆಟ್ಟಿಗೆ ಉಗುಳುತ್ತಿದ್ದ ಹೆಂಗಸೊಬ್ಬಳು ಊರಿನ ಸರಕಾರಿ ಶಾಲೆಯ ಬಿಸಿಯೂಟದ ಅಡುಗೆ ಕೆಲಸವನ್ನು ಕಳೆದುಕೊಂಡಳು. ಆಕೆಯನ್ನು ಹೊರಹಾಕಲು ಬಳಸಿದ ನಿಯಮವನ್ನು ಬರೆದವಳು ನಾನು.

ಈ ಮೇ ತಿಂಗಳ ಮೊದಲ ವಾರದಲ್ಲಿ ಆಕೆಯ ಫೋನ್ ಬಂದಾಗ ನಾನು ಮಧ್ಯಾಹ್ನದ ಊಟ ಮುಗಿಸಿ ಕಾಲು ಚಾಚಿ ಕುಳಿತಿದ್ದೆ. ಫೋನು ಬಂದರೆ ಈಗ ಮೊದಲಿನಂತೆ ಚುರುಕಾಗಿ ಏಳುವುದಿಲ್ಲ. ಅರ್ಜಿ, ನಿಯೋಗ, ಧರಣಿ, ಮತ್ತೆ ಅರ್ಜಿ. ಒಂದು ಅನ್ಯಾಯದ ಕಡತ ಮುಚ್ಚುವ ಮೊದಲೇ ಇನ್ನೊಂದು ತೆರೆದುಕೊಳ್ಳುವ ಈ ಬದುಕಿನಲ್ಲಿ ಮನಸ್ಸಿಗಿಂತ ಮೊದಲು ಮೊಣಕಾಲು ದಣಿದಿವೆ.

“ಅಕ್ಕಾರ, ನಾ ರೀ, ಸಾಲಿ ಅಡಗಿಯಾಕಿ,” ಎಂದಳು. “ನೀವು ಬರದ ಠರಾವು ತಿರುಗಿ ನನಗ ಬಡದೈತ್ರಿ. ಒಮ್ಮೆ ಬಂದ ಹೋಗ್ರಿ.”

ಠರಾವು ಎಂದ ಕೂಡಲೇ ನೆನಪಾಯಿತು. ಹಲವು ವರ್ಷಗಳ ಹಿಂದೆ ಕಲಘಟಗಿ ದಾರಿಯ ಆ ಊರಿನಲ್ಲಿ ನಾವು ಮದ್ಯದ ವಿರುದ್ಧ ಹೆಂಗಸರ ಸಂಘ ಕಟ್ಟಿದ್ದೆವು. ಶಾಲಾ ಸಮಿತಿಯ ಇಬ್ಬರು ಸದಸ್ಯರು ಮತ್ತು ಒಬ್ಬ ಮಾಸ್ತರರು ಕುಡಿದೇ ಶಾಲೆಗೆ ಬರುತ್ತಿದ್ದ ಕಾಲವದು. ಯಾರನ್ನು ಕೇಳಿದರೂ “ನಾ ಕುಡದಿಲ್ಲ” ಎಂಬುದೇ ಉತ್ತರ. ಆದ್ದರಿಂದ ಕುಡಿದವರು ಎಂದು ಬರೆಯುವುದು ಬೇಡ, ವಾಸನೆ ಎಂದೇ ಬರೆಯೋಣ, ವಾಸನೆಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಹಟ ಹಿಡಿದವಳು ನಾನು. “ಬಾಯಲ್ಲಿ ಮದ್ಯದ ವಾಸನೆಯಿರುವ ಯಾರಿಗೂ ಈ ಶಾಲೆಯ ಆವರಣದಲ್ಲಿ ಪ್ರವೇಶವಿಲ್ಲ, ಕೆಲಸವಿಲ್ಲ” ಎಂದು ಸಮಿತಿಯ ಪುಸ್ತಕದಲ್ಲಿ ನನ್ನ ಕೈಬರಹದಲ್ಲೇ ಬರೆದೆ. ಅಂದು ಚಪ್ಪಾಳೆ ತಟ್ಟಿದವರಲ್ಲಿ ಈ ಅಡುಗೆಯವಳೂ ಇದ್ದಳು. ಬುದ್ಧಿವಂತಿಕೆಯ ಕೆಲಸ ಮಾಡಿದೆನೆಂಬ ಹೆಮ್ಮೆಯಲ್ಲಿ ನಾನು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದೆ.

ಶನಿವಾರ ಬೆಳಿಗ್ಗೆ ನವನಗರದಿಂದ ಹುಬ್ಬಳ್ಳಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಹೊರಟೆ. ಆಕೆ ಮನೆಗೆ ಕರೆದಿರಲಿಲ್ಲ. ಮನೆಯಲ್ಲಿ ಮಾತಾಡಿದರೆ ಓಣಿಗೆಲ್ಲ ಕೇಳಿಸುತ್ತದೆ, ತಾನು ಕೆಲಸ ಮಾಡುವ ವೈನ್ ಘಟಕಕ್ಕೇ ಬನ್ನಿ ಎಂದಿದ್ದಳು. ಬಸ್ಸಿಳಿದು ಮಾವಿನ ತೋಪುಗಳ ನಡುವಿನ ಮಣ್ಣುದಾರಿಯಲ್ಲಿ ನಡೆದೆ. ದಾರಿಯ ಕೊನೆಯಲ್ಲಿ ಹಿಂದೆ ಗೋವಿನಜೋಳ ತುಂಬುತ್ತಿದ್ದ ಒಂದು ತಗಡಿನ ಗೋದಾಮು. ಬೋರ್ಡಿನ ಮೇಲೆ ‘ಹಣ್ಣಿನ ಉತ್ಪನ್ನಗಳ ಘಟಕ’ ಎಂದಷ್ಟೇ ಇತ್ತು. ಊರಿಗೆ ಮುಖವಿರುವ ಬೋರ್ಡಿನಲ್ಲಿ ವೈನ್ ಎಂಬ ಮಾತಿಲ್ಲ. ಪೇಟೆಗೆ ಹೋಗುವ ಬಾಟಲಿಯ ಮೇಲೆ ಮಾತ್ರ ಇದೆ.

ಒಳಗೆ ಆರೆಂಟು ಹೆಂಗಸರು ನೆಲದ ಮೇಲೆ ಕುಳಿತು ಕವಳಿಹಣ್ಣಿನ ತೊಟ್ಟು ಬಿಡಿಸಿ ಸೀಳುತ್ತಿದ್ದರು. ಕವಳಿಯ ಹಾಲು ಬಿಳಿಯ ಗೋಂದಿನಂತೆ ಬೆರಳಿಗೆ ಮೆತ್ತಿಕೊಂಡು ಕಪ್ಪಾಗುತ್ತದೆ, ಎಣ್ಣೆ ಹಚ್ಚದೆ ಬಿಡುವುದಿಲ್ಲ. ಯಾರಿಗೂ ಕೈಗವಸು ಕೊಟ್ಟಿರಲಿಲ್ಲ. ನೋಡಲು ಬರುವ ಪೇಟೆಯವರಿಗಾಗಿ ಬಿಳಿ ಟೈಲ್ಸಿನ ಪಾಯಿಖಾನೆಯಿತ್ತು. ಈ ಹೆಂಗಸರು ಹೋಗುತ್ತಿದ್ದುದು ಬೇಲಿಯ ಆಚೆ. ಇವೆರಡನ್ನೂ ಅಲ್ಲೇ ನನ್ನ ಚೀಟಿಯಲ್ಲಿ ಬರೆದುಕೊಂಡೆ.

“ಬರ್ರಿ ಅಕ್ಕಾರ,” ಎಂದಳು ಒಬ್ಬ ಮುದುಕಿ, ಗುರುತು ಹಿಡಿದು. “ಕುಡಿಯಾಕ ಬಂದೀರೋ, ಕುಡಿಯೂದ ಬಿಡಸಾಕ ಬಂದೀರೋ?”

“ಮೊದಲ ಕುಂಡ್ರಾಕ ಬಂದೇನವಾ,” ಎಂದೆ.

“ಕುಂಡರ್ರಿ ಕುಂಡರ್ರಿ. ಹಿಂದಕ ನೀವು ನಿಂತು ಒದರಿದ್ದಕ್ಕ ಸೆರೆದಂಗಡಿ ಮುಚ್ಚಿತ್ತು. ಈಗ ಕುಂತ ಒದರ್ರಿ, ನೋಡೂಣು.”

ಎಲ್ಲರೂ ನಕ್ಕರು. ನನಗೂ ನಗು ಬಂತು, ಅದರ ಹಿಂದೆಯೇ ಆಯಾಸವೂ ಬಂತು.

ಮಾಲೀಕರು ಹೊರಗೆ ಬಂದು ಕೈಮುಗಿದರು. ಹುಬ್ಬಳ್ಳಿಯ ಹತ್ತಿ ವ್ಯಾಪಾರದ ಮನೆತನ, ಹಣೆಯ ಮೇಲೆ ವಿಭೂತಿ, ನಯವಾದ ಮಾತು. ನನಗೆ ಮಜ್ಜಿಗೆ ತರಿಸಿದರು. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಕಾರಿನಲ್ಲಿ ಬಂದ ಗಂಡಹೆಂಡತಿ ಘಟಕ ನೋಡಬೇಕೆಂದರು. ಅವರ ಜೊತೆಗೆ ನಾನೂ ಒಳಗೆ ಹೋದೆ. ನೀಲಿ ಡ್ರಮ್ಮುಗಳ ಸಾಲು. ಒಂದೊಂದರ ಬಾಯಿಗೂ ಬಿಗಿದ ಸಣ್ಣ ನಳಿಕೆಯಿಂದ ಗುಳುಗುಳು ಸದ್ದು. ಹಣ್ಣಿನ ರಸಕ್ಕೆ ಸಕ್ಕರೆ, ಯೀಸ್ಟು ಸೇರಿಸಿ ಹುದುಗಿಸುವುದು, ಗಸಿ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಬೇರೆ ಡ್ರಮ್ಮಿಗೆ ಇಳಿಸುವುದು, ಹೀಗೆ ಎಲ್ಲವನ್ನೂ ಅವರು ವಿವರಿಸಿದರು. ಆಮೇಲೆ ಒಂದು ಬಾಟಲಿ ಎತ್ತಿ ಹಿಡಿದರು.

“ಇದು ಪೇರಲದ್ರಿ. ಮೊದಲ ನಾಲಿಗಿ ಮ್ಯಾಲೆ ಹೂವಿನಂಗ ಕುಂಡರತೈತಿ. ಆಮ್ಯಾಲೆ ಗಂಟಲದಾಗ ಒಂದೀಟ ಬೀಜದ ಒಗರು ಬಿಟ್ಟ ಹೊಕ್ಕೈತಿ.”

“ವಾ! ನಿಮಗ ಯಾವುದು ಸೇರತೈತ್ರಿ?” ಎಂದು ಕಾರಿನವರು ಕೇಳಿದರು.

ಮಾಲೀಕರು ಎದೆ ಮುಟ್ಟಿಕೊಂಡು ನಕ್ಕರು. “ನಮಗ ಇದು ನಡಿಯೂದಿಲ್ರಿ. ಕೊರಳಾಗ ಲಿಂಗ ಐತಿ. ಇವತ್ತಿನ ತನಕ ತುಟಿಗೆ ಹಚ್ಚಿಲ್ಲ.”

“ಹಂಗಾರ ರುಚಿ ಹ್ಯಾಂಗ ಗೊತ್ತಾತು?”

“ಅದಕ್ಕ ನಮ್ಮಲ್ಲಿ ಮಂದಿ ಅದಾರ್ರಿ.”

ಆ ‘ಮಂದಿ’, ನನಗೆ ಫೋನ್ ಮಾಡಿದ್ದ ಅಡುಗೆಯವಳು, ಎರಡು ಮಾರು ಹಿಂದೆ ಸ್ಟೀಲಿನ ಲೋಟ ಹಿಡಿದು ನಿಂತಿದ್ದಳು. ಹೂವು, ಬೀಜದ ಒಗರು ಎಂಬ ಮಾತುಗಳು ಆಕೆಯವೇ ಎಂಬುದು ಅರ್ಧ ಗಂಟೆಯ ನಂತರ ನನಗೆ ತಿಳಿಯಿತು. ಕಾರಿನವರು ಹೋದ ಮೇಲೆ ಆಕೆ ಒಂದೊಂದೇ ಡ್ರಮ್ಮಿನಿಂದ ಲೋಟಕ್ಕೆ ಚೂರು ಬಗ್ಗಿಸಿಕೊಂಡಳು. ಮೂಸಿದಳು, ಗುಟುಕು ತುಂಬಿಕೊಂಡಳು, ಕಣ್ಣು ಮುಚ್ಚಿ ಕೆನ್ನೆಯಿಂದ ಕೆನ್ನೆಗೆ ಆಡಿಸಿದಳು, ಬಕೆಟ್ಟಿಗೆ ಉಗುಳಿದಳು. “ಇದು ಇನ್ನಾ ಸಿಟ್ಟಿನ್ಯಾಗ ಐತ್ರಿ ಸಾವಕಾರ, ಎಂಟ ದಿನ ಮುಟ್ಟಬ್ಯಾಡ್ರಿ.” ಮುಂದಿನದಕ್ಕೆ ಹೋಗಿ, “ಇದು ಶಾಂತ ಆಗೇತಿ, ತಿಳಿ ಇಳಸ್ರಿ.” ಮಾಲೀಕರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಶಾಲೆಯ ದೊಡ್ಡ ಪಾತ್ರೆಯ ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ಬರೀ ಹಬೆಯಿಂದ ಹೇಳುತ್ತಿದ್ದ ಮೂಗು ಅದು. ಹುಳಿ ಹಿಡಿಯಲಿರುವ ಡ್ರಮ್ಮನ್ನು ಎರಡು ದಿನ ಮೊದಲೇ ಗುರುತಿಸುವಷ್ಟು ಅದನ್ನು ಆಕೆ ತಾನೇ ಪಳಗಿಸಿದ್ದಳು.

ತಮ್ಮ ನಾಲಿಗೆಯ ಮಡಿ ಕಾಯ್ದುಕೊಳ್ಳಲು ಮಾಲೀಕರಿಗೆ ಮತ್ತೊಬ್ಬರ ನಾಲಿಗೆ ಬೇಕಾಗಿತ್ತು. ಆ ಮತ್ತೊಬ್ಬಳು ಊರ ಹೊರಗಿನ ಕೇರಿಯವಳಾದದ್ದು ಆಕಸ್ಮಿಕವೆಂದು ಅವರು ನಂಬಿರಬಹುದು. ನಾನು ನಂಬುವುದಿಲ್ಲ. ಅವರ ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ. ಅದರ ಭಾರವನ್ನು ಇನ್ನೊಬ್ಬಳ ಬಾಯಿಗೆ ದಾಟಿಸಿದ್ದರ ಬಗ್ಗೆ ಇದೆ.

ಕೆಲಸ ಮುಗಿಸಿ ಆಕೆ ನನ್ನ ಪಕ್ಕಕ್ಕೆ ಬಂದು ಕುಳಿತಳು. ಶಾಲೆ ನಡೆಯುವ ದಿನಗಳಲ್ಲಿ ಮಕ್ಕಳ ಊಟವಾಗಿ ಪಾತ್ರೆ ತೊಳೆದ ಮೇಲಷ್ಟೇ ಈ ಘಟಕಕ್ಕೆ ಬರುತ್ತಿದ್ದಳಂತೆ. ರಜೆಗೆ ಸ್ವಲ್ಪ ಮೊದಲು ಒಂದು ದಿನ ಮಾತ್ರ ಲೆಕ್ಕ ತಪ್ಪಿತು.

“ಮುಂಜಾನೆ ಎದ್ದ ಕೂಡ್ಲೆ ಸಾವಕಾರರು ಮೋಟರ್‌ಸೈಕಲ್ ಕಳಸಿದ್ರಿ. ಪೇರಲ ಡ್ರಮ್ಮು ಯಾಕೋ ವಾಸನಿ ಹೊಡ್ಯಾಕತ್ತೈತಿ, ಲಗೂ ಬಾ ಅಂದ್ರು. ಬಂದೆ, ನೋಡಿದೆ, ಉಗುಳಿದೆ. ಎರಡ ಸಲ ಬಾಯಿ ಮುಕ್ಕಳಿಸಿ ಯಾಲಕ್ಕಿ ಹಾಕ್ಕೊಂಡು ಸಾಲಿಗೆ ಹ್ವಾದೆ. ಬ್ಯಾಳಿ ಕುದಿಯಾಕಿಟ್ಟಿದ್ದೆ, ಸಾಲಿ ಕಮಿಟಿ ಚೇರ್ಮನ್ನರು ಚಾ ಕುಡಿಯಾಕ ಅಡಗಿಮನ್ಯಾಗ ಬಂದ್ರು. ‘ಕುಡದ ಬಂದು ಮಕ್ಕಳಿಗೆ ಅಡಗಿ ಮಾಡತೀಯೇನ?’ ಅಂತ ಕೈಯಾಗಿನ ಸೌಟ ಕಸಗೊಂಡ್ರು. ಬ್ಯಾಳಿ ತಳಾ ಹತ್ತೈತಿ, ಇಳಿಸಿಯರ ಹೊಕ್ಕೇನಿ ಅಂದೆ. ಕೇಳಲಿಲ್ಲ. ಮಕ್ಕಳೆಲ್ಲಾ ತಾಟ ಹಿಡಕೊಂಡು ನೋಡ್ತಿದ್ವು.”

“ಆ ಠರಾವು ಬರದ ಮ್ಯಾಲೆ ಗಂಡಸರನ್ನ ಯಾರನ್ನರ ಹೊರಗ ಹಾಕ್ಯಾರೇನು?” ಎಂದು ಕೇಳಿದೆ.

“ಗಂಡಸರ ಬಾಯಿ ಮೂಸಾಕ ಯಾರ ಧೈರ್ಯ ಮಾಡತಾರ್ರಿ ಅಕ್ಕಾರ?”

ಆಕೆ ತನ್ನ ಫೋನಿನಲ್ಲಿ ಸಮಿತಿಯ ಪುಸ್ತಕದ ಪುಟದ ಫೋಟೋ ತೋರಿಸಿದಳು. ‘ಹಿಂದಿನ ಠರಾವಿನ ಪ್ರಕಾರ’ ಎಂದು ಶುರುವಾಗಿತ್ತು. ನನ್ನ ವಾಕ್ಯ ಅಕ್ಷರಶಃ ಹಾಗೇ ಇತ್ತು. ಅದರ ಕೆಳಗೆ ಆಕೆಯನ್ನು ಕೆಲಸದಿಂದ ತೆಗೆದ ಮಾತು, ಅದರ ಕೆಳಗೆ ಸಹಿಗಳು. ಮೂರನೆಯ ಸಹಿ ಈ ಘಟಕದ ಮಾಲೀಕರದು. ಶಾಲೆಗೆ ಬೆಂಚು ಮಾಡಿಸಿಕೊಟ್ಟ ದಾನಿಯೆಂದು ಅವರನ್ನು ಸಮಿತಿಯ ಸಭೆಗಳಿಗೆ ಕರೆಯುತ್ತಾರಂತೆ.

ನಾನು ಮಾಲೀಕರನ್ನು ಕರೆದೆ. “ಅಣ್ಣಾರ, ಆ ಸಭಾಕ್ಕ ನೀವೂ ಹೋಗಿದ್ರೇನು?”

“ಹೋಗಿದ್ದೆ ರೀ.”

“ಆ ಮುಂಜಾನೆ ಆಕಿನ್ನ ಕರಸಿದಾಂವ ನಾನ ಅಂತ ಹೇಳಿದ್ರೇನು?”

“ಯಾರೂ ಕೇಳಲಿಲ್ಲಲ್ಲರಿ.”

ಅವರು ತಾವಾಗಿಯೇ ಮುಂದುವರಿದರು. “ಖರೇ ಹೇಳ್ತೇನ್ರಿ ಅಕ್ಕಾರ. ಊರಾಗ ಇದನ್ನ ಜ್ಯೂಸಿನ ಫ್ಯಾಕ್ಟರಿ ಅಂತಾರ. ನಾ ಎದ್ದ ನಿಂತು ಹೇಳಿದ್ರ, ಹೆಣ್ಮಕ್ಕಳಿಗೆ ಸೆರೆ ಮುಟ್ಟಿಸಿ ತಾ ಮಡಿವಂತ ಆಗಿ ಕುಂತಾನ ಅನ್ನೂದಿಲ್ಲೇನ್ರಿ? ನಮ್ಮ ಅವ್ವ ಇನ್ನಾ ಅದಾಳ. ಆಕೀಗೆ ಏನ ಹೇಳಲಿ?”

“ಅಂದ್ರ ಊರು ನಿಮಗ ಅನ್ನೂದನ್ನ ಈಗ ಈಕಿ ಕೇಳಾಕತ್ತಾಳ.”

“ನಾ ಇಲ್ಲೇ ದಿನಪೂರ್ತಿ ಕೆಲಸ ಕೊಡ್ತೇನಿ ಅಂದೇನಲ್ರಿ,” ಎಂದರು ಅವರು. ಕೆಟ್ಟ ಮನುಷ್ಯರಲ್ಲ. ಅದೇ ಈ ಕೆಲಸದಲ್ಲಿ ನನ್ನನ್ನು ಹೆಚ್ಚು ದಣಿಸುವ ಸಂಗತಿ. ಕೆಟ್ಟವರೊಡನೆ ಜಗಳವಾಡಿ ಮನೆಗೆ ಬಂದರೆ ಹಸಿವಾದರೂ ಆಗುತ್ತದೆ.

ಆಕೆ ನನಗಿಂತ ಮೊದಲು ಉತ್ತರಿಸಿದಳು. “ಸಾವಕಾರ, ದಿನಪೂರ್ತಿ ಇಲ್ಲೇ ಇದ್ರ ‘ಕುಡುಕಿ’ ಅನ್ನೂದ ಖಾಯಂ ಆತು. ಮಕ್ಕಳಿಗೆ ಮತ್ತ ಅಡಗಿ ಮಾಡಿ ಹಾಕಿದ್ರಷ್ಟ ಅದು ಅಳಸತೈತಿ. ನನ್ನ ಮೊಮ್ಮಗಳು ಅದ ಸಾಲಿಗೆ ಹೊಕ್ಕಾಳ್ರಿ. ಆಕೀನ ಕರದು ‘ನಿಮ್ಮಜ್ಜಿ ತೂರಾಡತಾಳೇನು’ ಅಂತ ಕೇಳ್ಯಾರ.”

ಆಗ ನಾನು ಆಡಬಾರದ ಮಾತನ್ನು ಆಡಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. “ಇಲ್ಲೀ ಕೆಲಸ ಬಿಟ್ಟೇನಿ ಅಂತ ಬರದ ಕೊಟ್ರ ಅವರು ತಿರಗಿ ತಗೋಬಹುದೇನೋ,” ಎಂದೆ.

ಆಕೆ ನನ್ನ ಕಡೆ ತಿರುಗಿದಳು. “ಗಂಡಸರು ಕುಡಿಯೂದ ಬಿಟ್ರ ನೀವು ಹಾರಾ ಹಾಕ್ತಿದ್ರಿ ಅಕ್ಕಾರ. ನಾ ಕುಡದ ಇಲ್ಲ, ಏನ ಬಿಡ್ಲಿ?”

ಕವಳಿ ಸೀಳುತ್ತಿದ್ದ ಮುದುಕಿ ತಲೆ ಎತ್ತದೆಯೇ, “ಕೇಳಿದ್ರೇನ್ರಿ? ಅಕ್ಕಾರೂ ತಮ್ಮ ಠರಾವಿನ ರುಚಿ ನೋಡಿದ್ರು ಇವತ್ತ,” ಎಂದಳು. ಈ ಸಲ ಯಾರೂ ನಗಲಿಲ್ಲ.

ಬೇಲಿಯಾಚೆ ಹೋಗಬೇಕಾದ ಹೆಂಗಸರು, ಕೈಗವಸಿಲ್ಲದ ಬೆರಳುಗಳು, ಊರಿಗೊಂದು ಪೇಟೆಗೊಂದು ಹೆಸರಿಟ್ಟುಕೊಂಡ ಬೋರ್ಡು ಇವನ್ನೆಲ್ಲ ನಾನು ಬಂದ ಗಳಿಗೆಯಲ್ಲೇ ಗುರುತಿಸಿದ್ದೆ. ನನ್ನ ಸ್ವಂತ ವಾಕ್ಯವನ್ನು ಮಾತ್ರ ಇಷ್ಟು ವರ್ಷ ಗುರುತಿಸಿರಲಿಲ್ಲ. ಬಲವಿದ್ದವರನ್ನು ತಡೆಯಲೆಂದು ಬರೆದ ನಿಯಮವನ್ನು ಜಾರಿಗೆ ತರುವ ಕೆಲಸವನ್ನು ಬಲವಿದ್ದವರ ಕೈಗೇ ಕೊಟ್ಟು ಬಂದಿದ್ದೆ. ವಾಸನೆಗೆ ಸುಳ್ಳು ಹೇಳಲು ಬರುವುದಿಲ್ಲ ಎಂದಿದ್ದೆನಲ್ಲ, ಮೂಸುವವರಿಗೆ ಬರುತ್ತದೆ ಎಂಬುದನ್ನು ಯೋಚಿಸಲೇ ಇಲ್ಲ. ಬಾಯಿಯಲ್ಲಿ ಏನಿತ್ತು ಎಂದು ನೋಡಿದರೇ ಹೊರತು, ಅದನ್ನು ಅಲ್ಲಿಗೆ ಇಟ್ಟವರು ಯಾರು ಎಂದು ಯಾರೂ ಕೇಳಲಿಲ್ಲ. ಹಾಗೆ ಕೇಳಬೇಕೆಂದು ನನ್ನ ವಾಕ್ಯವೂ ಹೇಳಿರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಹುಬ್ಬಳ್ಳಿಯವರೆಗೆ ಕಂಬಿ ಹಿಡಿದು ನಿಂತೇ ಬಂದೆ. ಇನ್ನೊಂದು ಅರ್ಜಿ ಬರೆಯುವ ಶಕ್ತಿ ಇದೆಯೇ ಎಂದು ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ. ಉತ್ತರ ಸಿಕ್ಕಿದ್ದರಿಂದಲ್ಲ, ಆಕೆಗೆ ನನ್ನ ಶಕ್ತಿಗಾಗಿ ಕಾಯುವಷ್ಟು ದಿನಗಳಿಲ್ಲವೆಂದು ಇದನ್ನು ಬರೆಯುತ್ತಿದ್ದೇನೆ. ರಜೆ ಮುಗಿಯುವುದರೊಳಗೆ ಬೇರೆ ಅಡುಗೆಯವರನ್ನು ನೇಮಿಸಿಬಿಟ್ಟರೆ ಆಮೇಲೆ ಯಾವ ಕ್ಷಮೆಗೂ ಅರ್ಥವಿರುವುದಿಲ್ಲ.

ಶಾಲಾ ಸಮಿತಿಯ ಅಧ್ಯಕ್ಷರೇ, ಸದಸ್ಯರೇ, ಶಾಲೆ ತೆರೆಯುವ ಮುನ್ನ ಸಭೆ ಕರೆಯಿರಿ. ಆ ಠರಾವನ್ನು ಬರೆದವಳಾಗಿ ನಾನು ಬಂದು, ಅದು ತಪ್ಪು ಬರವಣಿಗೆಯೆಂದು ನಿಮ್ಮ ಪುಸ್ತಕದಲ್ಲೇ ಬರೆದು ಸಹಿ ಮಾಡುತ್ತೇನೆ. ನೀವು ಅದನ್ನು ರದ್ದು ಮಾಡಿ, ಆಕೆಯನ್ನು ತೆಗೆದ ನಿರ್ಣಯವನ್ನೂ ರದ್ದು ಮಾಡಿ. ಘಟಕದ ಮಾಲೀಕರೇ, ಅದೇ ಸಭೆಯಲ್ಲಿ, ಊರವರ ಎದುರು, ನೀವು ಎದ್ದು ನಿಂತು ಹೇಳಬೇಕು: ರುಚಿ ನೋಡುವುದು ನಾನು ಆಕೆಗೆ ಕೊಟ್ಟ ಕೆಲಸ, ಆ ದಿನ ಬೆಳಿಗ್ಗೆ ಆಕೆಯನ್ನು ಕರೆಸಿದವನು ನಾನು, ಆಕೆ ಕುಡಿದಿರಲಿಲ್ಲ. ಶಾಲೆ ತೆರೆದ ಮೊದಲ ದಿನದ ಬೇಳೆಯನ್ನು ಒಲೆಯ ಮೇಲೆ ಇಡುವವಳು ಆಕೆಯೇ ಆಗಿರಬೇಕು.